ನಗರದ ಕಾರಿಗೆ ಕೈಗೆಟಕುವ ವಿಮೆ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಕಾರು ಕೊಳ್ಳುವಾಗ ಬಣ್ಣ, ಮೈಲೇಜು, ಬ್ಯಾಂಕ್ ಸಾಲದ ಬಡ್ಡಿ ಇವೆಲ್ಲವನ್ನೂ ತಿಂಗಳುಗಟ್ಟಲೆ ಅಳೆದು ತೂಗುವ ನಾವು, ಅದರ ವಿಮೆಯ ವಿಷಯ ಬಂದಾಗ ಶೋರೂಮಿನವರು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಸುಮ್ಮನಾಗುತ್ತೇವೆ. ಮುಂದೆ ಪ್ರತಿವರ್ಷ ನವೀಕರಣದ ದಿನ ಬಂದಾಗ ಎರಡೇ ಪ್ರಶ್ನೆ: ಕಳೆದ ಬಾರಿಗಿಂತ ಎಷ್ಟು ಹೆಚ್ಚಾಯಿತು? ಯಾರು ಕಡಿಮೆಗೆ ಕೊಡುತ್ತಾರೆ? ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂತಹ ನಗರಗಳಲ್ಲಿ ದಿನನಿತ್ಯ ಕಾರು ಓಡಿಸುವವರಿಗೆ ಈ ಎರಡು ಪ್ರಶ್ನೆಗಳು ಸಾಲವು. ಕಡಿಮೆ ದರದ ಪಾಲಿಸಿ ಬೇರೆ, ಕಡಿಮೆ ಖರ್ಚಿನಲ್ಲಿ ತಕ್ಕ ರಕ್ಷಣೆ ನೀಡುವ ಪಾಲಿಸಿ ಬೇರೆ. ಮೊದಲನೆಯದು ನವೀಕರಣದ ದಿನ ಸಂತೋಷ ಕೊಡುತ್ತದೆ. ಎರಡನೆಯದು ಅಪಘಾತದ ದಿನ ಕೈಹಿಡಿಯುತ್ತದೆ.

ವಿಮೆಯ ವೆಚ್ಚ ಯಾವ ಯಾವ ಭಾಗಗಳಿಂದ ಕೂಡಿದೆ, ಅವುಗಳಲ್ಲಿ ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ. ಕಾರು ಮಾಲೀಕರ ಅನುಕೂಲಕ್ಕಾಗಿ ಆ ವಿವರಗಳು ಇಲ್ಲಿವೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನಗಳ ಕಾಯ್ದೆ 1988ರ 146ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿಯೊಂದು ವಾಹನಕ್ಕೂ ಮೂರನೇ ವ್ಯಕ್ತಿಯ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿಮ್ಮ ಕಾರಿನಿಂದ ಇನ್ನೊಬ್ಬರಿಗೆ ಆಗುವ ಸಾವು, ಗಾಯ ಅಥವಾ ಆಸ್ತಿಹಾನಿಗೆ ವಿಮಾ ಕಂಪನಿ ಪರಿಹಾರ ನೀಡುವುದು ಇದರ ಉದ್ದೇಶ. ವಿಮೆಯಿಲ್ಲದೆ ವಾಹನ ಓಡಿಸಿದರೆ, 2019ರ ತಿದ್ದುಪಡಿಯ ಅನ್ವಯ, ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ.

ಆದರೆ ದಂಡ ಇಲ್ಲಿ ಸಣ್ಣ ವಿಷಯ. ಅಪಘಾತದಲ್ಲಿ ದುಡಿಯುವ ವ್ಯಕ್ತಿಯೊಬ್ಬರು ಮೃತಪಟ್ಟರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ಅವರ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆಯನ್ನು ಲೆಕ್ಕ ಹಾಕಿ ಪರಿಹಾರ ನಿಗದಿ ಮಾಡುತ್ತದೆ. ಆ ಮೊತ್ತ ಹಲವು ಲಕ್ಷಗಳನ್ನು ದಾಟುವುದು, ಕೆಲವೊಮ್ಮೆ ಕೋಟಿ ಮುಟ್ಟುವುದು ಅಪರೂಪವಲ್ಲ. ವಿಮೆ ಇಲ್ಲದಿದ್ದರೆ ಆ ಹೊರೆ ನೇರವಾಗಿ ವಾಹನದ ಮಾಲೀಕರ ತಲೆಯ ಮೇಲೆ ಬೀಳುತ್ತದೆ. ಮನೆ, ನಿವೇಶನ, ಉಳಿತಾಯ ಎಲ್ಲವೂ ಅದಕ್ಕೆ ಈಡಾಗಬಹುದು. ಪಾಲಿಸಿಯ ಅವಧಿ ಮುಗಿದು ಒಂದೇ ದಿನವಾಗಿದ್ದರೂ ಫಲ ಇದೇ. ಆದ್ದರಿಂದ ಉಳಿತಾಯದ ಮೊದಲ ನಿಯಮ: ಮೂರನೇ ವ್ಯಕ್ತಿಯ ವಿಮೆಯನ್ನು ಒಂದು ದಿನವೂ ತಪ್ಪಿಸಬಾರದು.

ಚೌಕಾಸಿ ನಡೆಯದ ಭಾಗ

ಮೂರನೇ ವ್ಯಕ್ತಿಯ ವಿಮೆಯ ದರವನ್ನು ಕಂಪನಿಗಳು ನಿರ್ಧರಿಸುವುದಿಲ್ಲ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ವಿಮಾ ನಿಯಂತ್ರಣ ಪ್ರಾಧಿಕಾರದೊಂದಿಗೆ ಸಮಾಲೋಚಿಸಿ ಅದನ್ನು ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಅಧಿಸೂಚನೆಯಲ್ಲಿ ಖಾಸಗಿ ಕಾರುಗಳಿಗೆ ನಿಗದಿಯಾದ ವಾರ್ಷಿಕ ದರಗಳು ಹೀಗಿವೆ:

* 1000 ಸಿಸಿವರೆಗಿನ ಕಾರು: 2,094 ರೂ.
* 1000ದಿಂದ 1500 ಸಿಸಿವರೆಗೆ: 3,416 ರೂ.
* 1500 ಸಿಸಿಗಿಂತ ಹೆಚ್ಚು: 7,897 ರೂ.
* ವಿದ್ಯುತ್ ಕಾರು, 30 ಕಿಲೋವಾಟ್‌ವರೆಗೆ: 1,780 ರೂ.
* ವಿದ್ಯುತ್ ಕಾರು, 30ರಿಂದ 65 ಕಿಲೋವಾಟ್‌ವರೆಗೆ: 2,904 ರೂ.
* ವಿದ್ಯುತ್ ಕಾರು, 65 ಕಿಲೋವಾಟ್‌ಗಿಂತ ಹೆಚ್ಚು: 6,712 ರೂ.

ಇದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ವ್ಯಕ್ತಿಗತ ಜೀವವಿಮೆ ಮತ್ತು ಆರೋಗ್ಯ ವಿಮೆಗೆ ತೆರಿಗೆ ವಿನಾಯಿತಿ ದೊರೆತರೂ ಖಾಸಗಿ ಕಾರಿನ ವಿಮೆಗೆ ಅದು ಅನ್ವಯಿಸಲಿಲ್ಲ. ಸರ್ಕಾರ ಕಾಲಕಾಲಕ್ಕೆ ದರ ಪರಿಷ್ಕರಿಸುವುದರಿಂದ ನವೀಕರಣದ ವೇಳೆ ಆಗಿನ ಅಧಿಸೂಚನೆಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಈ ದರ ಎಲ್ಲ ಕಂಪನಿಗಳಲ್ಲೂ ಒಂದೇ ಆಗಿರುವುದರಿಂದ 'ನಮ್ಮಲ್ಲಿ ಥರ್ಡ್ ಪಾರ್ಟಿ ಅರ್ಧ ಬೆಲೆಗೆ ಸಿಗುತ್ತದೆ' ಎಂದು ಯಾರಾದರೂ ಹೇಳಿದರೆ ಆ ಪಾಲಿಸಿಯನ್ನೇ ಅನುಮಾನಿಸಬೇಕು. ನಕಲಿ ಪಾಲಿಸಿ ಮಾರುವವರ ಮುಖ್ಯ ಆಮಿಷ ಇದೇ. ಹಣ ಕಟ್ಟಿದ ಮೇಲೆ ಪಾಲಿಸಿಯ ಸಂಖ್ಯೆಯನ್ನು ಕಂಪನಿಯ ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸಿ. ಕೆಲವು ದಿನಗಳ ನಂತರ ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ವಾಹನದ ವಿವರದ ಜೊತೆ ವಿಮೆಯ ಅವಧಿಯೂ ಕಾಣುತ್ತದೆಯೇ ನೋಡಿ.

2018ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ, ಅದೇ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರು ವರ್ಷದ ಮೂರನೇ ವ್ಯಕ್ತಿಯ ವಿಮೆಯನ್ನು ಒಟ್ಟಿಗೇ ಪಡೆಯಬೇಕು. ಹೊಸ ಕಾರು ಕೊಂಡವರು ಎರಡನೇ ಮತ್ತು ಮೂರನೇ ವರ್ಷದಲ್ಲಿ ಈ ಭಾಗಕ್ಕೆ ಮತ್ತೆ ಹಣ ಕಟ್ಟಬೇಕಿಲ್ಲ. ಸ್ವಂತ ಹಾನಿಯ ಪಾಲಿಸಿಯೊಂದನ್ನೇ ನವೀಕರಿಸಿದರೆ ಸಾಕು. ಅದನ್ನು ಬೇರೆ ಕಂಪನಿಯಿಂದಲೂ ಪಡೆಯಬಹುದು. 2019ರ ಸೆಪ್ಟೆಂಬರಿನಿಂದ ಇದಕ್ಕೆ ಅವಕಾಶವಿದೆ.

ಉಳಿತಾಯಕ್ಕೆ ದಾರಿ ಇರುವುದು ಸ್ವಂತ ಹಾನಿಯಲ್ಲಿ

ನಿಮ್ಮದೇ ಕಾರಿಗೆ ಅಪಘಾತ, ಕಳವು, ಬೆಂಕಿ, ಪ್ರವಾಹ, ಗಲಭೆ, ಮರ ಬೀಳುವುದು ಮುಂತಾದ ಕಾರಣಗಳಿಂದ ಆಗುವ ನಷ್ಟವನ್ನು ತುಂಬಿಕೊಡುವುದು 'ಸ್ವಂತ ಹಾನಿ' ವಿಭಾಗ. ಇದು ಮತ್ತು ಮೂರನೇ ವ್ಯಕ್ತಿಯ ವಿಮೆ ಎರಡೂ ಸೇರಿದರೆ ಸಮಗ್ರ ಪಾಲಿಸಿ. 2007ರ ಜನವರಿ 1ರಂದು ಸ್ವಂತ ಹಾನಿಯ ದರಗಳ ಮೇಲಿದ್ದ ನಿಯಂತ್ರಣ ತೆರವಾಯಿತು. ಅಂದಿನಿಂದ ಪ್ರತಿ ಕಂಪನಿಯೂ ತನ್ನದೇ ಲೆಕ್ಕಾಚಾರದಲ್ಲಿ ದರ ಹೇಳುತ್ತದೆ. ಒಂದೇ ಕಾರಿಗೆ, ಒಂದೇ ದಿನ, ಎರಡು ಕಂಪನಿಗಳು ಹೇಳುವ ಮೊತ್ತದಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ ಇರುವುದಕ್ಕೆ ಇದೇ ಕಾರಣ. ಸಾರ್ವಜನಿಕ ವಲಯದ ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್ ಮತ್ತು ಯುನೈಟೆಡ್ ಇಂಡಿಯಾ ಕಂಪನಿಗಳಲ್ಲದೆ ಹಲವಾರು ಖಾಸಗಿ ಕಂಪನಿಗಳೂ ಕಣದಲ್ಲಿವೆ. ಕನಿಷ್ಠ ಮೂರು ಕಡೆ ವಿಚಾರಿಸದೆ ನವೀಕರಿಸಬಾರದು.

ಆದರೆ ಹೋಲಿಸುವಾಗ ಮೂರು ಅಂಶಗಳು ಸಮನಾಗಿರಬೇಕು: ಕಾರಿಗೆ ಹಿಡಿದಿರುವ ಮೌಲ್ಯ, ನಿಮ್ಮ ಪಾಲಿನ ಕಡಿತದ ಮೊತ್ತ, ಹೆಚ್ಚುವರಿ ರಕ್ಷಣೆಗಳು. ಇವು ಬೇರೆ ಬೇರೆಯಾಗಿದ್ದರೆ ಕೊನೆಯ ಮೊತ್ತಗಳನ್ನಷ್ಟೇ ಹೋಲಿಸುವುದರಲ್ಲಿ ಅರ್ಥವಿಲ್ಲ.

ಬೆಂಗಳೂರಿನ ಕಾರಿಗೆ ಬೇರೆ ದರವೇ?

ಹೌದು, ಆದರೆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. 2002ರ ಅಖಿಲ ಭಾರತ ಮೋಟಾರು ದರಪಟ್ಟಿಯು ದೇಶವನ್ನು ಎರಡು ವಲಯಗಳಾಗಿ ವಿಂಗಡಿಸಿತು. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ಅಹಮದಾಬಾದ್, ಕೋಲ್ಕತ್ತ ಮತ್ತು ನವದೆಹಲಿ 'ಎ' ವಲಯ. ಉಳಿದ ಊರುಗಳೆಲ್ಲ 'ಬಿ' ವಲಯ. ಅಂದರೆ ಮೈಸೂರು, ಹುಬ್ಬಳ್ಳಿ, ಮಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ನೋಂದಣಿಯಾದ ಕಾರುಗಳು 'ಬಿ' ವಲಯಕ್ಕೆ ಸೇರುತ್ತವೆ. ಐದು ವರ್ಷದೊಳಗಿನ, 1000ದಿಂದ 1500 ಸಿಸಿ ನಡುವಿನ ಕಾರಿಗೆ ಆ ಪಟ್ಟಿಯಲ್ಲಿದ್ದ ದರ 'ಎ' ವಲಯದಲ್ಲಿ ಮೌಲ್ಯದ ಶೇ 3.283, 'ಬಿ' ವಲಯದಲ್ಲಿ ಶೇ 3.191. ಆರು ಲಕ್ಷದ ಕಾರಿಗೆ ಇದರ ಅಂತರ ಸುಮಾರು 550 ರೂಪಾಯಿ ಮಾತ್ರ. ಈಗ ಕಂಪನಿಗಳ ದರಗಳು ಮುಕ್ತವಾಗಿದ್ದು, ಕಾರಿನ ಮಾದರಿ, ವಯಸ್ಸು, ಇಂಧನ, ಆ ಮಾದರಿಯ ಕ್ಲೇಮುಗಳ ಇತಿಹಾಸ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ನಗರದ ಕಾರು ಮಾಲೀಕರ ವೆಚ್ಚವನ್ನು ಏರಿಸುವುದು ವಲಯಕ್ಕಿಂತ ಹೆಚ್ಚಾಗಿ ಪದೇ ಪದೇ ಮಾಡುವ ಸಣ್ಣ ಕ್ಲೇಮುಗಳು.

ಐಡಿವಿ ತಗ್ಗಿಸುವ ಆಟ

ಪಾಲಿಸಿಯಲ್ಲಿ 'ಐಡಿವಿ' ಎಂದು ನಮೂದಾಗುವ ಮೊತ್ತವೇ ವಿಮೆ ಮಾಡಿಸಿದ ಕಾರಿನ ಘೋಷಿತ ಮೌಲ್ಯ. ಕಾರು ಕಳವಾದರೆ ಅಥವಾ ದುರಸ್ತಿಯ ವೆಚ್ಚ ಈ ಮೌಲ್ಯದ ಶೇ 75ನ್ನು ಮೀರಿದರೆ ಕಂಪನಿ ಕೊಡುವ ಪರಿಹಾರಕ್ಕೆ ಇದೇ ಮಿತಿ. ತಯಾರಕರ ಪಟ್ಟಿಯ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ: ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರು ವರ್ಷದವರೆಗೆ ಶೇ 30, ನಾಲ್ಕು ವರ್ಷದವರೆಗೆ ಶೇ 40, ಐದು ವರ್ಷದವರೆಗೆ ಶೇ 50. ಐದು ವರ್ಷ ಮೀರಿದ ಕಾರಿನ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿ ನಿರ್ಧರಿಸುತ್ತಾರೆ.

ಪ್ರೀಮಿಯಂ ಕಡಿಮೆ ತೋರಿಸಲು ಅತ್ಯಂತ ಸುಲಭದ ಉಪಾಯವೆಂದರೆ ಐಡಿವಿ ತಗ್ಗಿಸುವುದು. ಆರು ಲಕ್ಷ ಬೆಲೆಬಾಳುವ ಕಾರನ್ನು ಐದು ಲಕ್ಷಕ್ಕೆ ವಿಮೆ ಮಾಡಿದರೆ ವರ್ಷಕ್ಕೆ ಒಂದೆರಡು ಸಾವಿರ ಉಳಿಯಬಹುದು. ಆದರೆ ಕಾರು ಕಳವಾದರೆ ಕೈಬಿಡುವುದು ಒಂದು ಲಕ್ಷ. ಬ್ಯಾಂಕ್ ಸಾಲ ಬಾಕಿ ಇದ್ದರಂತೂ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಕಾರೂ ಇಲ್ಲ, ಸಾಲವೂ ತೀರಲಿಲ್ಲ ಎಂಬ ಸ್ಥಿತಿ ಬರಬಹುದು. ಹಾಗೆಂದು ಐಡಿವಿಯನ್ನು ಮಾರುಕಟ್ಟೆ ಬೆಲೆಗಿಂತ ಬಹಳ ಹೆಚ್ಚಿಸಿಕೊಳ್ಳುವುದೂ ವ್ಯರ್ಥ ಖರ್ಚು. ನಿಮ್ಮ ಊರಿನಲ್ಲಿ ಅದೇ ಮಾದರಿಯ, ಅದೇ ವರ್ಷದ ಕಾರು ಇಂದು ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂದು ವಿಚಾರಿಸಿ, ಅದರ ಆಸುಪಾಸಿನಲ್ಲಿ ಇರಿಸಿಕೊಳ್ಳುವುದು ವಿವೇಕ.

ಕ್ಲೇಮು ಮಾಡದವರಿಗೆ ಬಹುಮಾನ

ಒಂದು ವರ್ಷ ಯಾವುದೇ ಕ್ಲೇಮು ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ರಿಯಾಯಿತಿ ದೊರೆಯುತ್ತದೆ. ಇದೇ 'ನೋ ಕ್ಲೇಮ್ ಬೋನಸ್' ಅಥವಾ ಎನ್‌ಸಿಬಿ. ಮೊದಲ ವರ್ಷದ ನಂತರ ಶೇ 20, ಎರಡನೆಯದಕ್ಕೆ ಶೇ 25, ಮೂರಕ್ಕೆ ಶೇ 35, ನಾಲ್ಕಕ್ಕೆ ಶೇ 45, ಐದು ವರ್ಷಕ್ಕೆ ಶೇ 50. ಇದು ಗರಿಷ್ಠ.

ಈ ರಿಯಾಯಿತಿಯ ಬಗ್ಗೆ ಮೂರು ಸಂಗತಿಗಳನ್ನು ನೆನಪಿಡಬೇಕು.

ಒಂದು, ಎನ್‌ಸಿಬಿ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಹಳೆಯ ಕಾರು ಮಾರಿ ಹೊಸದನ್ನು ಕೊಳ್ಳುವವರು ಹಳೆಯ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಹೊಸ ಕಾರಿನ ಪ್ರೀಮಿಯಂ ದೊಡ್ಡದಿರುವುದರಿಂದ ಶೇ 50ರ ರಿಯಾಯಿತಿ ಅಲ್ಲಿ ಬಹಳ ಬೆಲೆ ಬಾಳುತ್ತದೆ. ಶೋರೂಮಿನಲ್ಲಿ ಇದನ್ನು ಯಾರೂ ತಾವಾಗಿ ನೆನಪಿಸದಿರಬಹುದು, ನೀವೇ ಕೇಳಬೇಕು.

ಎರಡು, ಕಂಪನಿ ಬದಲಿಸಿದರೂ ಎನ್‌ಸಿಬಿ ಉಳಿಯುತ್ತದೆ. 'ನಮ್ಮನ್ನು ಬಿಟ್ಟರೆ ಬೋನಸ್ ಹೋಗುತ್ತದೆ' ಎಂಬ ಮಾತಿನಲ್ಲಿ ಹುರುಳಿಲ್ಲ. ಆದರೆ ಕ್ಲೇಮು ಮಾಡಿದ್ದರೂ ಮಾಡಿಲ್ಲ ಎಂದು ಹೊಸ ಕಂಪನಿಗೆ ಸುಳ್ಳು ಹೇಳಬಾರದು. ಕಂಪನಿಗಳು ಪರಸ್ಪರ ವಿಚಾರಿಸಿ ಖಚಿತಪಡಿಸಿಕೊಳ್ಳುತ್ತವೆ, ಮುಂದಿನ ಕ್ಲೇಮು ತಿರಸ್ಕೃತವಾಗಲು ಆ ಸುಳ್ಳೇ ಕಾರಣವಾಗುತ್ತದೆ.

ಮೂರು, ಪಾಲಿಸಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಗಳಿಸಿದ ಬೋನಸ್ ಪೂರ್ತಿ ರದ್ದಾಗುತ್ತದೆ.

ಸಣ್ಣ ಗೀರಿಗೆ ಕ್ಲೇಮು ಮಾಡಬೇಕೇ?

ಸಿಗ್ನಲ್‌ನಲ್ಲಿ ಹಿಂದಿನಿಂದ ತಾಗಿದ ಆಟೊ, ಇಕ್ಕಟ್ಟಿನ ಓಣಿಯಲ್ಲಿ ಉಜ್ಜಿಕೊಂಡು ಹೋದ ಬೈಕು, ಅಪಾರ್ಟ್‌ಮೆಂಟಿನ ಕಂಬಕ್ಕೆ ತಗುಲಿದ ಬಂಪರು. ನಗರದ ಕಾರಿಗೆ ಇವು ತಪ್ಪಿದ್ದಲ್ಲ. ಇಂತಹ ಸಂದರ್ಭದಲ್ಲಿ ಗ್ಯಾರೇಜಿನವರು 'ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೇಮ್ ಹಾಕೋಣ' ಎನ್ನುತ್ತಾರೆ. ಒಪ್ಪುವ ಮುನ್ನ ಲೆಕ್ಕ ಹಾಕಿ.

ಉದಾಹರಣೆಗೆ, ನಿಮ್ಮ ಸ್ವಂತ ಹಾನಿ ಪ್ರೀಮಿಯಂ ರಿಯಾಯಿತಿಗೆ ಮೊದಲು 10,000 ರೂಪಾಯಿ ಎಂದುಕೊಳ್ಳೋಣ. ಐದು ವರ್ಷದ ಬೋನಸ್ ಶೇ 50 ಇರುವುದರಿಂದ ನೀವು ಕಟ್ಟುತ್ತಿರುವುದು 5,000. ಈಗ ಒಂದು ಕ್ಲೇಮು ಮಾಡಿದಿರಿ. ಮುಂದಿನ ವರ್ಷ ಬೋನಸ್ ಸೊನ್ನೆ, ನಷ್ಟ 5,000. ಅದರ ಮುಂದಿನ ವರ್ಷ ಶೇ 20 ಸಿಗುತ್ತದೆ. ಶೇ 50ಕ್ಕೆ ಹೋಲಿಸಿದರೆ ನಷ್ಟ 3,000. ಮೂರನೇ ವರ್ಷ 2,500, ನಾಲ್ಕನೇ ವರ್ಷ 1,500, ಐದನೇ ವರ್ಷ 500. ಒಟ್ಟು 12,500 ರೂಪಾಯಿ; ಜಿಎಸ್‌ಟಿ ಸೇರಿದರೆ 14,750. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ವಾಸ್ತವದಲ್ಲಿ ಇದು ಕೊಂಚ ಕಡಿಮೆಯಾಗಬಹುದು. ಆದರೂ ಲೆಕ್ಕದ ದಿಕ್ಕು ಬದಲಾಗದು.

ಇನ್ನೊಂದು ಬದಿಯಲ್ಲಿ, ಕ್ಲೇಮಿನಿಂದ ಸಿಗುವುದೆಷ್ಟು? ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ, ಟೈರು ಮತ್ತು ಬ್ಯಾಟರಿಗೆ ಶೇ 50, ಫೈಬರ್ ಗ್ಲಾಸ್ ಭಾಗಗಳಿಗೆ ಶೇ 30 ಸವಕಳಿ ಕಳೆಯುತ್ತಾರೆ. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಪ್ರಕಾರ ಸೊನ್ನೆಯಿಂದ ಶೇ 50ರವರೆಗೆ. ಇದಲ್ಲದೆ ಕಡ್ಡಾಯ ಕಡಿತವಾಗಿ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಕಾರಿಗೆ 2,000 ರೂಪಾಯಿ ನೀವೇ ಭರಿಸಬೇಕು. 8,000 ರೂಪಾಯಿಯ ಪ್ಲಾಸ್ಟಿಕ್ ಬಂಪರಿಗೆ ಸವಕಳಿಯಾಗಿ 4,000, ಕಡ್ಡಾಯ ಕಡಿತವಾಗಿ 1,000 ಕಳೆದರೆ ಕಂಪನಿಯಿಂದ ಬರುವುದು 3,000 ಮಾತ್ರ. ಮೂರು ಸಾವಿರಕ್ಕಾಗಿ ಹನ್ನೆರಡು ಸಾವಿರ ಕಳೆದುಕೊಳ್ಳುವ ವ್ಯವಹಾರ ಯಾರಿಗೂ ಬೇಡ. ಸಣ್ಣಪುಟ್ಟ ದುರಸ್ತಿಯನ್ನು ಕೈಯಿಂದ ಮಾಡಿಸಿ, ವಿಮೆಯನ್ನು ದೊಡ್ಡ ಹೊಡೆತಕ್ಕೆ ಕಾಯ್ದಿರಿಸುವುದು ನಗರವಾಸಿಗಳಿಗೆ ಲಾಭದ ದಾರಿ.

ಸ್ವಯಂಪ್ರೇರಿತ ಕಡಿತ

ಕಡ್ಡಾಯ ಕಡಿತದ ಜೊತೆಗೆ, ಇನ್ನಷ್ಟು ಮೊತ್ತವನ್ನು ನಾನೇ ಭರಿಸುತ್ತೇನೆ ಎಂದು ಒಪ್ಪಿದರೆ ಪ್ರೀಮಿಯಂ ಇಳಿಯುತ್ತದೆ. 2002ರ ದರಪಟ್ಟಿಯಲ್ಲಿ 2,500 ರೂಪಾಯಿಯ ಕಡಿತಕ್ಕೆ ಶೇ 20, ಅಂದರೆ ಹೆಚ್ಚೆಂದರೆ 750 ರೂಪಾಯಿ ರಿಯಾಯಿತಿ ಇತ್ತು. 15,000 ರೂಪಾಯಿಯ ಕಡಿತಕ್ಕೆ ಶೇ 35, ಅಂದರೆ ಹೆಚ್ಚೆಂದರೆ 2,500 ರೂಪಾಯಿ. ಈಗ ಕಂಪನಿಗಳ ಲೆಕ್ಕ ಬೇರೆ ಬೇರೆಯಾಗಿದ್ದರೂ ತೂಗಿ ನೋಡುವ ಕ್ರಮ ಒಂದೇ. ವರ್ಷಕ್ಕೆ 2,500 ಉಳಿಸಲು 15,000ದ ಹೊಣೆ ಹೊತ್ತರೆ, ಆರು ವರ್ಷ ಕ್ಲೇಮು ಇಲ್ಲದಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅನುಭವಿ ಚಾಲಕರು, ಮನೆಯಲ್ಲಿ ಭದ್ರವಾದ ಪಾರ್ಕಿಂಗ್ ಇರುವವರು, ತುರ್ತಿಗೆ ಅಷ್ಟು ಹಣ ಕೈಯಲ್ಲಿರುವವರು ಇದನ್ನು ಆರಿಸಿಕೊಳ್ಳಬಹುದು. ಹೊಸದಾಗಿ ಕಾರು ಕಲಿತವರು, ರಸ್ತೆ ಬದಿಯಲ್ಲಿ ನಿಲ್ಲಿಸುವವರು ದೂರ ಉಳಿಯುವುದು ಒಳಿತು.

ಹೆಚ್ಚುವರಿ ರಕ್ಷಣೆ: ಯಾವುದು ಬೇಕು, ಯಾವುದು ಬೇಡ

ಪಾಲಿಸಿಯ ಬೆಲೆ ಏರಿಸುವ ಇನ್ನೊಂದು ಬಾಬ್ತು ಆಡ್-ಆನ್‌ಗಳು. ಎಲ್ಲವನ್ನೂ ತೆಗೆದುಕೊಳ್ಳುವುದೂ ತಪ್ಪು, ಎಲ್ಲವನ್ನೂ ಬಿಡುವುದೂ ತಪ್ಪು.

ಸವಕಳಿರಹಿತ ರಕ್ಷಣೆ: ಜನ 'ಬಂಪರ್ ಟು ಬಂಪರ್' ಎನ್ನುವುದು ಇದನ್ನೇ. ಮೇಲೆ ಹೇಳಿದ ಸವಕಳಿ ಕಡಿತ ಇದರಲ್ಲಿ ಇರುವುದಿಲ್ಲ. ಹೊಸ ಕಾರಿಗೆ, ಅದರಲ್ಲೂ ಬಿಡಿಭಾಗಗಳು ದುಬಾರಿಯಾಗಿರುವ ಕಾರಿಗೆ, ಮೊದಲ ಮೂರು ವರ್ಷ ಇದು ಯೋಗ್ಯ. ಕಾರು ಹಳೆಯದಾದಂತೆ ಇದರ ದರ ಏರುತ್ತದೆ, ಕೆಲವು ವರ್ಷಗಳ ನಂತರ ಕಂಪನಿಗಳು ಕೊಡುವುದೂ ಇಲ್ಲ. ವರ್ಷಕ್ಕೆ ಇಷ್ಟೇ ಕ್ಲೇಮು ಎಂಬ ಮಿತಿ ಇರುತ್ತದೆಯೇ ಎಂದು ಕೇಳಿಕೊಳ್ಳಿ.

ಎಂಜಿನ್ ರಕ್ಷಣೆ: ಬೆಂಗಳೂರು ಮತ್ತು ಕರಾವಳಿಯ ನಗರಗಳಲ್ಲಿ ಇರುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ ದೃಶ್ಯ ಇನ್ನೂ ಮರೆತಿಲ್ಲ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನೀರು ನಿಂತು ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಸಮಗ್ರ ಪಾಲಿಸಿ ಪ್ರವಾಹದ ಹಾನಿಯನ್ನು ಭರಿಸುತ್ತದೆ ನಿಜ. ಆದರೆ ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಒಳಗೆ ನೀರು ನುಗ್ಗಿ ಅದು ಕೆಟ್ಟರೆ, ಅದನ್ನು ನಂತರದ ಪರಿಣಾಮವಾಗಿ ಆದ ಹಾನಿ ಎಂದು ಪರಿಗಣಿಸಿ ಕಂಪನಿಗಳು ಪರಿಹಾರ ನಿರಾಕರಿಸುತ್ತವೆ. ಆ ಕೊರತೆಯನ್ನು ತುಂಬುವುದೇ ಈ ಆಡ್-ಆನ್. ನೀರು ತುಂಬಿದ ಕೆಳಸೇತುವೆಗೆ ಕಾರು ಇಳಿಸಲೇಬಾರದು. ಕಾರು ನೀರಿನಲ್ಲಿ ನಿಂತುಬಿಟ್ಟರೆ ಮೊದಲು ಜೀವ ಉಳಿಸಿಕೊಂಡು ಹೊರಬನ್ನಿ. ಆಮೇಲೆ ಕಾರನ್ನು ಸ್ಟಾರ್ಟ್ ಮಾಡದೆ, ಛಾಯಾಚಿತ್ರ ತೆಗೆದು, ಕಂಪನಿಗೆ ತಿಳಿಸಿ, ಎಳೆಸಿಕೊಂಡು ಹೋಗಿ.

ರಿಟರ್ನ್ ಟು ಇನ್‌ವಾಯ್ಸ್: ಕಾರು ಕಳವಾದರೆ ಅಥವಾ ಪೂರ್ತಿ ಜಖಂ ಆದರೆ ಐಡಿವಿಯ ಬದಲು ಖರೀದಿ ಬೆಲೆಯನ್ನು ಕೊಡುವ ರಕ್ಷಣೆ. ಸಾಲ ಮಾಡಿ ಹೊಸ ಕಾರು ಕೊಂಡವರಿಗೆ ಮೊದಲ ಒಂದೆರಡು ವರ್ಷ ಉಪಯುಕ್ತ.

ಎನ್‌ಸಿಬಿ ರಕ್ಷಣೆ: ಕ್ಲೇಮು ಮಾಡಿದರೂ ಬೋನಸ್ ಉಳಿಸುತ್ತದೆ. ಶೇ 45 ಅಥವಾ 50 ಬೋನಸ್ ಗಳಿಸಿದವರಿಗೆ, ದರ ಕಡಿಮೆಯಿದ್ದರೆ ಸರಿ. ಆರಂಭದ ವರ್ಷಗಳಲ್ಲಿ ಬೇಕಿಲ್ಲ.

ಕೀಲಿಕೈ ಬದಲಿ, ವೈಯಕ್ತಿಕ ಸಾಮಗ್ರಿಗಳ ರಕ್ಷಣೆ, ದಿನಭತ್ಯೆ: ಬಹುತೇಕರು ಇವುಗಳನ್ನು ಬಿಡಬಹುದು. ರಸ್ತೆ ನೆರವು ಕಾರು ತಯಾರಕರಿಂದಲೇ ಈಗಾಗಲೇ ಇದ್ದರೆ ಎರಡನೇ ಬಾರಿ ಹಣ ಕೊಡಬೇಡಿ.

ಕಡಿಮೆ ಓಡುವ ಕಾರಿಗೆ ಕಡಿಮೆ ದರ

ಮೆಟ್ರೊದಲ್ಲಿ ಕಚೇರಿಗೆ ಹೋಗಿ ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವವರೂ, ದಿನಕ್ಕೆ 60 ಕಿಲೋಮೀಟರ್ ಓಡಿಸುವವರೂ ಒಂದೇ ದರ ಕಟ್ಟುವುದು ನ್ಯಾಯವೇ ಎಂಬ ಪ್ರಶ್ನೆ ಬಹಳ ಕಾಲದಿಂದ ಇತ್ತು. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಓಡಿದಷ್ಟಕ್ಕೆ ಹಣ, ಓಡಿಸುವ ರೀತಿಗೆ ತಕ್ಕ ಹಣ, ಮತ್ತು ಒಬ್ಬರೇ ಮಾಲೀಕರ ಹಲವು ವಾಹನಗಳಿಗೆ ಒಂದೇ ಪಾಲಿಸಿ ಎಂಬ ಮೂರು ಬಗೆಯ ಸೌಲಭ್ಯಗಳಿಗೆ ಒಪ್ಪಿಗೆ ನೀಡಿತು. ರಿಯಾಯಿತಿ ಸ್ವಂತ ಹಾನಿಯ ಭಾಗಕ್ಕೆ ಮಾತ್ರ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂಬುದನ್ನು ಸರ್ವೀಸ್ ದಾಖಲೆಯಿಂದ ಲೆಕ್ಕ ಹಾಕಿ ನಂತರ ಆರಿಸಿಕೊಳ್ಳಿ. ನಿಗದಿತ ಮಿತಿ ದಾಟಿದರೆ ಏನಾಗುತ್ತದೆ, ಹೆಚ್ಚುವರಿ ಕಿಲೋಮೀಟರ್ ಕೊಳ್ಳಬಹುದೇ ಎಂಬುದನ್ನು ಮೊದಲೇ ಕೇಳಿ.

ಎರಡು ಬಾರಿ ಕಟ್ಟುವ ಹಣ

ವಾಹನದ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಆದರೆ ಒಬ್ಬ ವ್ಯಕ್ತಿಗೆ ಇದು ಒಂದೇ ಸಾಕು. ಮನೆಯಲ್ಲಿ ನಿಮ್ಮ ಹೆಸರಿನಲ್ಲೇ ಕಾರು ಮತ್ತು ಸ್ಕೂಟರ್ ಎರಡೂ ಇದ್ದರೆ, ಅಥವಾ ನಿಮಗೆ ಪ್ರತ್ಯೇಕವಾಗಿ ಅಷ್ಟು ಮೊತ್ತದ ಅಪಘಾತ ವಿಮೆ ಈಗಾಗಲೇ ಇದ್ದರೆ, ಆ ವಿಷಯವನ್ನು ಘೋಷಿಸಿ ಈ ಬಾಬ್ತನ್ನು ಕೈಬಿಡಬಹುದು. ಗಮನಿಸದೆ ಪ್ರತಿ ವಾಹನಕ್ಕೂ ಕಟ್ಟುತ್ತಿರುವವರು ಅನೇಕ.

ಶೋರೂಮಿನಲ್ಲೇ ಕೊಳ್ಳಬೇಕೇ?

ಇಲ್ಲ. ಕಾರನ್ನು ಎಲ್ಲಿ ಕೊಂಡರೂ ವಿಮೆಯನ್ನು ನಿಮಗೆ ಬೇಕಾದ ಕಂಪನಿಯಿಂದ ಪಡೆಯುವ ಹಕ್ಕು ನಿಮಗಿದೆ. ಶೋರೂಮಿನವರ ದರವನ್ನು ಮುದ್ರಿತ ರೂಪದಲ್ಲಿ ಪಡೆದು, ಅದೇ ಐಡಿವಿ, ಅದೇ ಆಡ್-ಆನ್‌ಗಳನ್ನು ಹೇಳಿ ಬೇರೆಡೆ ವಿಚಾರಿಸಿ. ಅನೇಕ ವೇಳೆ ಹೊರಗಿನ ದರ ತೋರಿಸಿದ ಕೂಡಲೇ ಶೋರೂಮಿನ ದರವೂ ಇಳಿಯುತ್ತದೆ. ಆದರೆ ಒಂದು ಅಂಶ ನೋಡಿಕೊಳ್ಳಿ: ನೀವು ಆರಿಸಿದ ಕಂಪನಿಗೆ ನಿಮ್ಮ ಮನೆಯ ಸಮೀಪ, ನಿಮ್ಮ ಕಾರಿನ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ನಗದುರಹಿತ ದುರಸ್ತಿಯ ಸೌಲಭ್ಯ ಇರಬೇಕು. ಐನೂರು ರೂಪಾಯಿ ಉಳಿಸಲು ಹೋಗಿ, ಅಪಘಾತದ ನಂತರ ಲಕ್ಷಾಂತರ ರೂಪಾಯಿ ಮೊದಲು ಕೈಯಿಂದ ಕಟ್ಟಿ ಪರಿಹಾರಕ್ಕೆ ಕಾಯುವುದು ಬೇಡ.

ಹಳೆಯ ಕಾರು, ಸೆಕೆಂಡ್ ಹ್ಯಾಂಡ್ ಕಾರು

ಹತ್ತು ವರ್ಷ ದಾಟಿದ, ಒಂದು ಒಂದೂವರೆ ಲಕ್ಷಕ್ಕಿಂತ ಹೆಚ್ಚು ಬೆಲೆ ಬಾಳದ ಕಾರಿಗೆ ಸಮಗ್ರ ಪಾಲಿಸಿ ಲಾಭದಾಯಕವೇ ಎಂದು ಯೋಚಿಸಬೇಕು. ಆ ಕಾರು ಪೂರ್ತಿ ಹೋದರೂ ನಷ್ಟವನ್ನು ತಡೆದುಕೊಳ್ಳಬಲ್ಲೆ ಎನ್ನುವವರಿಗೆ ಮೂರನೇ ವ್ಯಕ್ತಿಯ ವಿಮೆ ಮಾತ್ರ ಸಾಕಾಗಬಹುದು. ಆದರೆ ಅದರಲ್ಲಿ ಒಂದು ಅಪಾಯ ಅಡಗಿದೆ. ಕೇವಲ ಕಾಯ್ದೆಯ ಪಾಲಿಸಿ ಇರುವ ಖಾಸಗಿ ಕಾರಿನಲ್ಲಿ ಕುಳಿತ ಸಹಪ್ರಯಾಣಿಕರ ಹೊಣೆಯನ್ನು ವಿಮಾ ಕಂಪನಿ ಹೊರುವುದಿಲ್ಲ. ಸಮಗ್ರ ಪಾಲಿಸಿಯಲ್ಲಿ ಅವರಿಗೂ ರಕ್ಷಣೆ ಇದೆ ಎಂದು ಪ್ರಾಧಿಕಾರ 2009ರಲ್ಲೇ ಸ್ಪಷ್ಟಪಡಿಸಿದೆ. ಮನೆಮಂದಿಯನ್ನು, ನೆರೆಹೊರೆಯವರನ್ನು ಕೂರಿಸಿಕೊಂಡು ಊರಿಗೆ ಹೋಗುವವರು ಇದನ್ನು ತೂಗಿ ನೋಡಲಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆರ್‌ಸಿ ವರ್ಗಾವಣೆಯ ಜೊತೆಗೇ, 14 ದಿನಗಳೊಳಗೆ, ಪಾಲಿಸಿಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೂರನೇ ವ್ಯಕ್ತಿಯ ಭಾಗ ಕಾನೂನಿನ ಪ್ರಕಾರ ವರ್ಗಾವಣೆಯಾಗುತ್ತದೆ. ಆದರೆ ಸ್ವಂತ ಹಾನಿಯ ಭಾಗ ತಾನಾಗಿ ಬರುವುದಿಲ್ಲ. ಹಳೆಯ ಮಾಲೀಕರ ಹೆಸರಿನಲ್ಲೇ ಪಾಲಿಸಿ ಉಳಿದರೆ ಅಪಘಾತದ ದಿನ ನಿಮಗೆ ದಕ್ಕುವುದೇನೂ ಇಲ್ಲ.

ಕಟ್ಟಿದ ಹಣ ವ್ಯರ್ಥವಾಗದಿರಲಿ

ಎಷ್ಟೇ ಒಳ್ಳೆಯ ಪಾಲಿಸಿಯಿದ್ದರೂ ಷರತ್ತು ಮುರಿದರೆ ಪರಿಹಾರ ಸಿಗದು. ಮದ್ಯ ಸೇವಿಸಿ ಓಡಿಸುವುದು, ಚಾಲನಾ ಪರವಾನಗಿ ಇಲ್ಲದವರ ಕೈಗೆ ಕಾರು ಕೊಡುವುದು, ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವುದು ಇವು ಕ್ಲೇಮು ತಿರಸ್ಕಾರಕ್ಕೆ ಸಾಮಾನ್ಯ ಕಾರಣಗಳು. ಹೊರಗಿನಿಂದ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸಿದ್ದರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರಬೇಕು. ಅಪಘಾತವಾದ ಕೂಡಲೇ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮೊದಲು ದುರಸ್ತಿ ಆರಂಭಿಸಬೇಡಿ. ಕಳವಾದರೆ ತಡಮಾಡದೆ ಪೊಲೀಸ್ ದೂರು ದಾಖಲಿಸಿ, ಎರಡೂ ಕೀಲಿಕೈಗಳನ್ನು ಜೋಪಾನವಾಗಿಡಿ. ದಾಖಲೆಗಳ ಕೊರತೆಯ ಕಾರಣಕ್ಕೆ ಮಾತ್ರ ಕ್ಲೇಮು ತಿರಸ್ಕರಿಸಬಾರದು ಎಂದು ಪ್ರಾಧಿಕಾರ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಸೂಚಿಸಿದೆ ಎಂಬುದೂ ನೆನಪಿರಲಿ.

ಅನ್ಯಾಯವಾದರೆ ಎಲ್ಲಿಗೆ ಹೋಗಬೇಕು?

ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ನೀಡಿ. ಉತ್ತರ ತೃಪ್ತಿಕರವಲ್ಲದಿದ್ದರೆ ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಕಂಪನಿ ಉತ್ತರಿಸದಿದ್ದರೆ ಅಥವಾ ದೂರನ್ನು ತಳ್ಳಿಹಾಕಿದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರವನ್ನು ಇಲ್ಲಿ ಕೋರಬಹುದು. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದೇ ಇದೆ.

ನವೀಕರಣಕ್ಕೆ ಮುನ್ನ

* ಪಾಲಿಸಿ ಮುಗಿಯುವ ಮೂರು ನಾಲ್ಕು ವಾರ ಮೊದಲೇ ವಿಚಾರಣೆ ಆರಂಭಿಸಿ. ಅವಧಿ ಮುಗಿದರೆ ಕಾರಿನ ತಪಾಸಣೆ ಮಾಡಿಸಬೇಕಾಗುತ್ತದೆ.
* ಒಂದೇ ಐಡಿವಿ, ಒಂದೇ ಕಡಿತ, ಒಂದೇ ಆಡ್-ಆನ್ ಇಟ್ಟು ಮೂರು ಕಂಪನಿಗಳ ದರ ಪಡೆಯಿರಿ.
* ಎನ್‌ಸಿಬಿ ಸರಿಯಾಗಿ ನಮೂದಾಗಿದೆಯೇ ನೋಡಿ.
* ವೈಯಕ್ತಿಕ ಅಪಘಾತ ವಿಮೆ ಎರಡು ಬಾರಿ ಸೇರಿಲ್ಲ ಎಂದು ಖಚಿತಪಡಿಸಿಕೊಳ್ಳಿ.
* ಸಮೀಪದ ನಗದುರಹಿತ ಗ್ಯಾರೇಜುಗಳ ಪಟ್ಟಿ ಕೇಳಿ.
* ಪಾಲಿಸಿ ಕೈಗೆ ಬಂದ ದಿನವೇ ಹೆಸರು, ನೋಂದಣಿ ಸಂಖ್ಯೆ, ಎಂಜಿನ್ ಮತ್ತು ಚಾಸಿ ಸಂಖ್ಯೆ ಪರಿಶೀಲಿಸಿ.

ಈ ಕೆಲಸಗಳಿಗೆ ಬೇಕಾಗುವುದು ವರ್ಷಕ್ಕೊಮ್ಮೆ ಒಂದು ಸಂಜೆ. ಬೋನಸ್ ಉಳಿಸಿಕೊಂಡು, ಬೇಡದ ಬಾಬ್ತುಗಳನ್ನು ಕೈಬಿಟ್ಟು, ದರ ಹೋಲಿಸಿ ನೋಡಿದವರಿಗೆ ಉಳಿತಾಯ ಖಂಡಿತ. ಆದರೆ ಮೂರನೇ ವ್ಯಕ್ತಿಯ ವಿಮೆ, ನ್ಯಾಯವಾದ ಐಡಿವಿ ಮತ್ತು ಮಳೆಗಾಲದ ಊರುಗಳಲ್ಲಿ ಎಂಜಿನ್ ರಕ್ಷಣೆ ಈ ಮೂರರಲ್ಲಿ ಮಾತ್ರ ಕೈ ಬಿಗಿ ಹಿಡಿಯುವುದು ಬೇಡ.